ಗುಡ್ಡದ ದನಗಳ ಹೊಸ ಒಡೆಯರಿಗೆ, ಹಿಂಬೇಲಿಯಿಂದ

ಮಾನ್ಯ ವ್ಯವಸ್ಥಾಪಕರೇ,

ಡಬ್ಲಿನ್ನಿನ ನಮ್ಮ ಟೌನ್‌ಹೌಸಿನ ಹಿಂಬೇಲಿಗೆ ಒರಗಿ ನಿಂತು, ತಮ್ಮ ಬೃಹತ್ ದನದ ಕಂಪನಿಗೂ, ತಾವು ಗುಡ್ಡದ ಮೇಲೆ ಹಾರಿಸುವ ಡ್ರೋನಿಗೂ ಕೈಮುಗಿದು ಈ ದೂರನ್ನು ಅರ್ಪಿಸುತ್ತಿದ್ದೇನೆ. ಕನ್ನಡದಲ್ಲಿದೆಯೆಂದು ಬೇಸರಿಸಬಾರದು; ಇಲ್ಲಿದ್ದ ಹಳೆಯ ದನಗಳಿಗೆ ಅರ್ಥವಾಗುತ್ತಿತ್ತು.

ಅವು ಅರ್ನಿ ಸಿಲ್ವೇರಾ ಎಂಬ ಹಿರಿಯರ ದನಗಳು. ಮಾಂಸಕ್ಕೆಂದೇ ಸಾಕಿದ ಸಣ್ಣ ಮಂದೆ. ಮಂಡ್ಯದಿಂದ ಬಂದು ನಮ್ಮೊಡನಿರುವ ನನ್ನ ತಾಯಿ ತಾಯಮ್ಮ ಬೆಳಿಗ್ಗೆ ಬೇಲಿಯ ಬಳಿ ನಿಂತು "ಬಾರವ್ವಾ" ಎಂದರೆ ಸಾಕು, ಇಳಿದು ಬರುತ್ತಿದ್ದವು. ಬರಬರುತ್ತಾ ಅರ್ನಿಯೂ ಹಾಗೇ ಕರೆಯತೊಡಗಿದರು. "ಅವನ್ನ ಯಾಕೆ ಸಾಕಿದಾರೆ ಗೊತ್ತೇನಮ್ಮಾ?" ಎಂದು ನಾನು ಜ್ಞಾನೋದಯ ಮಾಡಿಸಲು ಹೋದಾಗ ಅಮ್ಮ, "ಗೊತ್ತು ಕಣ್ಲಾ. ಇರೋಗಂಟ ಯಾರಾದ್ರೂ ಮಾತಾಡಿಸ್ಬೇಕಲ್ವಾ?" ಎಂದಳು.

ಈ ವಸಂತದಲ್ಲಿ ಅರ್ನಿ ಬೇಲಿಯಾಚೆಯಿಂದ, "ನೀನು ಡೇಟಾ ಓದುವವನಲ್ಲವೇ? ಈ ಮಂದೆ ಇಟ್ಟುಕೊಳ್ಳಲೋ, ಮಾರಲೋ?" ಎಂದು ಕೇಳಿದರು. ಆಫೀಸಿನಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದವರಿಲ್ಲವಾದ್ದರಿಂದ ನಾನು ಉಬ್ಬಿಹೋಗಿ, ಸಣ್ಣ ಮಂದೆಗಳ ಸಂಖ್ಯೆ ಇಳಿಯುವ ಗೆರೆಗೆ ಕೆಂಪು ಬಣ್ಣವನ್ನೂ, ಉಳಿದವು ದೊಡ್ಡವಾಗುತ್ತಾ ಹೋಗುವ ಗೆರೆಗೆ ಹಸಿರನ್ನೂ ಹಚ್ಚಿ, ಬಾಣದ ಗುರುತು ಹಾಕಿ, ಮಾರುವುದೇ ಲೇಸೆಂದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ನಿನ್ನ ತಾಯಿ ಏನನ್ನುತ್ತಾರೆ?" ಎಂದರು. ಅಮ್ಮನಿಗೆ ಗ್ರಾಫ್ ಓದಲು ಬರುವುದಿಲ್ಲ ಎಂದೆ. ಕೆಲವೇ ವಾರಗಳಲ್ಲಿ ಮಂದೆಯೂ ಗುಡ್ಡದ ಗುತ್ತಿಗೆಯೂ ತಮ್ಮದಾದವು; ಹಳೆಯ ದನಗಳನ್ನು ಬೇರೆಡೆಗೆ ಸಾಗಿಸಿ ತಾವು ತಮ್ಮ ಮಂದೆಯನ್ನು ತಂದು ಬಿಟ್ಟಿರಿ. ಮಗಳು ನಿಹಾರಿಕಾ, "ಅಪ್ಪಾ, ಯು ಬ್ರೋಕ್ ಅರ್ನಿ" ಎಂದು ಮುಖ ತಿರುಗಿಸಿಕೊಂಡು ಹೋದಳು.

ತಮ್ಮ ಮಂದೆಯ ವೈಭವವನ್ನು ಎಷ್ಟು ಹೊಗಳಿದರೂ ಸಾಲದು. ಗುಡ್ಡದ ಹುಲ್ಲಿಗೆ ಬೆಳೆಯಲು ಪುರುಸೊತ್ತಿಲ್ಲ. ಪ್ರತಿ ದನದ ಕೊರಳಲ್ಲೂ ಪಟ್ಟಿ, ಅದು ಬೀಪ್ ಎಂದರೆ ಇಡೀ ಮಂದೆ ಶಿಸ್ತಾಗಿ ತಿರುಗುತ್ತದೆ. ನಮ್ಮ ಆಫೀಸಿನ ಸೋಮವಾರದ ಮೀಟಿಂಗೇ ಕಣ್ಣಿಗೆ ಬರುತ್ತದೆ. ಆದರೆ ಅಮ್ಮ ಕರೆದರೆ ಒಂದೂ ಕತ್ತೆತ್ತುವುದಿಲ್ಲ. ವಾರವೆಲ್ಲ ಕರೆದು ನೋಡಿ, ಈಗವಳು ಹಿತ್ತಲ ಬಾಗಿಲನ್ನೇ ತೆಗೆಯುವುದಿಲ್ಲ. ಇದಕ್ಕೆ ಯಾವ ಬಣ್ಣದ ಗೆರೆ ಎಳೆಯಬೇಕೋ ನನಗೆ ತಿಳಿಯದು.

ಆದ್ದರಿಂದ ತಾವು ದಯವಿಟ್ಟು, ಒಬ್ಬ ಮನುಷ್ಯ ಮುಖ ನೋಡಿ ಗುರುತಿಸಬಹುದಾದಷ್ಟು ಚಿಕ್ಕವರಾಗಬೇಕು. ಅದಾಗದಿದ್ದರೆ ಕೊರಳಪಟ್ಟಿಗಳಲ್ಲಿ "ಬಾರವ್ವಾ" ಎಂಬ ದನಿಯನ್ನು ಮಂಡ್ಯದ ಉಚ್ಚಾರಣೆಯಲ್ಲೇ ಅಳವಡಿಸಬೇಕು. ತಮಗೆ ಸಲಹೆ ಬೇಕಿದ್ದರೆ ನಾನು ಪುಕ್ಕಟೆಯಾಗಿ... ಬೇಡ, ಈ ವಾಕ್ಯವನ್ನು ಹಿಂಪಡೆದಿದ್ದೇನೆ.

ತಮ್ಮ ಏಳಿಗೆಯನ್ನು ತಿಳಿಯದೆಯೇ ಸಾಧಿಸಿಕೊಟ್ಟ,
ತಮ್ಮ ವಿಶ್ವಾಸಿ,
ತಿರುಮಲೇಶ

ತಾ.ಕ.: ಅಮ್ಮ ಈ ಪತ್ರ ಮುಗಿಯುವವರೆಗೆ ಕಾಯಲಿಲ್ಲ. ನನ್ನ ಕೈಲಿ ಕಾರು ಓಡಿಸಿ ಅರ್ನಿಯ ಮನೆಗೆ ಹೋಗಿ, ಅವರನ್ನೂ ಹತ್ತಿಸಿಕೊಂಡು ತಮ್ಮ ಕಚೇರಿಗೇ ಬಂದು, ಅರ್ನಿಯ ಹಳೆಯ ಮಂದೆಯಲ್ಲಿ ತಾವು ಹೇಗೂ ಸಾಗಹಾಕಲಿದ್ದ ಎರಡು ಮುದಿ ಹಸುಗಳನ್ನು ಬಿಡಿಸಿಕೊಂಡಳು. ಅವೀಗ ಪಕ್ಕದ ಊರಾದ ಸುನೋಲಿನಲ್ಲಿ, ಅರ್ನಿಯ ತಂಗಿಯ ಹಿತ್ತಲಿನಲ್ಲಿವೆ. ಮುಂದೆ ಅವನ್ನು ಏನು ಮಾಡುವುದೆಂದು ನಾನು ಮೊನ್ನೆ ಬಾಯಿ ತೆರೆದೆ. "ಅದ ನಾನೂ ಅರ್ನೀನೂ ಮಾತಾಡ್ಕತೀವಿ," ಎಂದಳು ಅಮ್ಮ. "ನೀನು ಸಗಣಿ ಬಾಚೋಗು."