ನಿಶಿಗಾಕಿಯ ಕಲ್ಲುಗುಡ್ಡೆ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ, ಒಂದು ಬಂಡೆ ಬೋರಲು ಮಲಗಿದ್ದದ್ದು.

ಕೊಳಾಯಿ ರಿಪೇರಿಯ ನಿಶಿಗಾಕಿಗೆ ಟ್ರಯಲ್ಸ್ ಬೈಕಿನ ಹುಚ್ಚು. ಅದರಲ್ಲಿ ವೇಗದ ಮಾತಿಲ್ಲ. ಬಂಡೆ, ದಿಮ್ಮಿ, ಟೈರುಗಳ ಮೇಲೆ ಕಾಲು ನೆಲಕ್ಕೂರದೆ ಬೈಕು ಹತ್ತಿಸಿ ಇಳಿಸಬೇಕು. ಅಭ್ಯಾಸಕ್ಕೆ ಜಾಗವಿಲ್ಲದೆ ಮೂರು ವರ್ಷ ಪರದಾಡಿದ್ದ. ಕೊನೆಗೆ ಬಡಾವಣೆ ಸಂಘದ ಅಧ್ಯಕ್ಷ ತೊಕುನಾಗ ಕರಗಿದ್ದರು.

"ಸಂಘದ ಖಾಲಿ ಜಾಗದಲ್ಲಿ ಭಾನುವಾರ ಮೂರು ಗಂಟೆಗೆ ಓಡ್ಸಿ ತೋರ್ಸಿ. ಜನಕ್ಕೆ ಇಷ್ಟ ಆದ್ರೆ ಪ್ರತಿ ಭಾನುವಾರ ಆ ಜಾಗ ನಿಮ್ದೇ!"

ಆ ಭಾನುವಾರ ಬಂದೇಬಿಟ್ಟಿತು. ಬೆಳಕು ಹರಿಯುವಷ್ಟರಲ್ಲಿ ನಿಶಿಗಾಕಿ ಹೊಳೆಯ ಬಂಡೆಗಳನ್ನು ಲಾರಿಯಿಂದ ಉರುಳಿಸಿ, ದಿಮ್ಮಿ ಹಾಕಿ, ಟೈರು ಹೂತಿದ್ದ. ಖುಷಿಗೆ ಹೊಟ್ಟೆಯ ಹಸಿವೂ ಮರೆತುಹೋಗಿತ್ತು.

ಮೊದಲು ಬಂದವಳು ಪಕ್ಕದ ಮನೆಯ ಕಿನು ಅಜ್ಜಿ, ಕೈಯಲ್ಲಿ ಬ್ರಷ್ಷು.

"ಅಯ್ಯಯ್ಯೋ, ದಿಮ್ಮಿ ತುಂಬ ಪಾಚಿ! ಜಾರಿ ಬಿದ್ರೆ ಏನಪ್ಪಾ ಗತಿ?"

"ಅಜ್ಜಿ, ಜಾರಲಿ ಅಂತಾನೇ ಹಾಕಿರೋದು!"

ಅಜ್ಜಿ ಆಗಲೇ ಉಜ್ಜಲು ಶುರುಮಾಡಿದ್ದಳು.

ಆಮೇಲೆ ಬಂದರು ಸುಗೆನೊ. ನಲವತ್ತು ವರ್ಷ ದೇವಾಲಯದ ಉದ್ಯಾನ ನೋಡಿಕೊಂಡವರು. ತಲೆ ಓರೆ ಮಾಡಿ ಬಂಡೆ ನೋಡಿ ಸಿಡುಕಿದರು.

"ಯಾರ್ರೀ ಇದನ್ನ ಬೋರಲು ಮಲಗ್ಸಿದ್ದು? ಕಲ್ಲಿಗೂ ಮುಖ ಇರತ್ತೆ. ಹೀಗೆ ಮಣ್ಣು ತಿನ್ಸೋದಾ?"

"ನಾನು ಅದರ ಮೇಲೆ ಬೈಕ್ ಹತ್ತಿಸ್ತೀನಿ, ಯಜಮಾನ್ರೇ."

"ಧಾರಾಳವಾಗಿ ಹತ್ತಿಸಿ. ಮೊದ್ಲು ನೆಟ್ಟಗೆ ನಿಲ್ಸಿ!"

ಬೇಡ ಎನ್ನುವ ಹಾಗಿಲ್ಲ. ಒಬ್ಬರ ಮನಸ್ಸು ಮುರಿದರೂ ಜಾಗ ಕೈಬಿಟ್ಟಂತೆಯೇ. ಬಡಾವಣೆಯೆಲ್ಲ ಹಾರೆ, ಹಗ್ಗ ಹಿಡಿದು "ಐಸಾ" ಎಂದು ಬಂಡೆ ಎತ್ತಿತು. ಯಾರೋ ಜಲ್ಲಿ ಹರಡಿ, ದೇವಾಲಯದ ಉದ್ಯಾನದಲ್ಲಿರುವಂತೆ ಅದರ ಮೇಲೆ ಅಲೆಅಲೆಯಾಗಿ ಗೆರೆ ಎಳೆದರು. ಟೈರುಗಳಲ್ಲಿ ಹೂಗಿಡ ಬಂದವು.

"ನೀರಿಲ್ದೆ ಕಲ್ಲಿಗೆ ಕಳೆ ಇಲ್ಲ" ಎಂದರು ಸುಗೆನೊ. "ಕೊಳಾಯಿಯವರು ನೀವೇ ಇದ್ದೀರಲ್ಲ!"

ತನ್ನ ಕೈಯಾರೆ ಪೈಪು ಎಳೆದು ಬಂಡೆಯ ಮೇಲೆ ನೀರು ಸುರಿಯುವ ಬಿದಿರಿನ ದೋಣಿಗೆ ಜೋಡಿಸಿದ ನಿಶಿಗಾಕಿಗೆ ಒಳಗೊಳಗೇ ಸಂತೋಷ. ನೆಟ್ಟಗೆ ನಿಂತ ಒದ್ದೆ ಬಂಡೆ! ಇದಕ್ಕಿಂತ ಒಳ್ಳೆಯ ಸವಾಲು ಎಲ್ಲಿ ಸಿಕ್ಕೀತು?

ಮೂರು ಗಂಟೆ. ಬೈಕು ಗುರುಗುಟ್ಟಿತು. ದಿಮ್ಮಿ ದಾಟಿತು, ಹೂವೊಂದನ್ನೂ ಮುಟ್ಟದೆ ಟೈರುಗಳ ಮೇಲೆ ನಡೆಯಿತು, ಸುಗೆನೊ ಅವರ ಬಂಡೆಗೆ ಆಡಿನಂತೆ ನೆಗೆದು ತುದಿಯಲ್ಲಿ ಗಕ್ಕನೆ ನಿಂತಿತು. ನಿಶಿಗಾಕಿಯ ಕಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ!

ಜನ ಹೋ ಎಂದು ಕೂಗಿದರು. ಅಜ್ಜಿ ಆವೇಶದಲ್ಲಿ ಪಕ್ಕದವರ ಬೆನ್ನಿಗೆ ಬ್ರಷ್ಷಿನಿಂದಲೇ ನಾಲ್ಕು ಬಾರಿಸಿದಳು.

"ಇಷ್ಟ ಆದೋರು ಕೈ ಎತ್ತಿ!" ಎಂದರು ತೊಕುನಾಗ.

ಎಲ್ಲ ಕೈಗಳೂ ಮೇಲೆದ್ದವು. ಕಣ್ಣು ತುಂಬಿ ಬಂದ ನಿಶಿಗಾಕಿ ಸೊಂಟ ಬಗ್ಗಿಸಿ ನಮಸ್ಕರಿಸಿದ.

"ಇಂಥಾ ಚಂದದ ಉದ್ಯಾನ ನಮ್ಮ ಬಡಾವಣೆಗೆ ಇರ್ಲೇ ಇಲ್ಲ!" ತೊಕುನಾಗ ಜಲ್ಲಿ, ಹೂಗಿಡಗಳತ್ತ ಕೈ ಬೀಸಿದರು. "ಇದು ಹೀಗೇ ಉಳೀಬೇಕು. ನಾಳೆಯಿಂದ ಒಳಗೆ ಸೈಕಲ್ಲೂ ಬರೋ ಹಾಗಿಲ್ಲ."

"ಆದ್ರೆ... ಪ್ರತಿ ಭಾನುವಾರ ನಂಗೆ ಅಂತ..."

"ಕೊಟ್ಟ ಮಾತು ತಪ್ಪೋನಲ್ಲ ನಾನು! ಪ್ರತಿ ಭಾನುವಾರ ಇದರ ಉಸ್ತುವಾರಿ ನಿಮ್ದೇ. ಕಳೆ ಕೀಳೋದು, ಜಲ್ಲಿ ಗೆರೆ ಎಳೆಯೋದು, ಬೈಕ್ ತರೋರನ್ನ ಓಡಿಸೋದು, ಎಲ್ಲಾ!"

ಚಪ್ಪಾಳೆ ಮುಗಿಲು ಮುಟ್ಟಿತು. ಕಿನು ಅಜ್ಜಿ ಬಂದು ಅವನ ಕೈಗೆ ಬ್ರಷ್ಷು ತುರುಕಿದಳು.

"ಮೊದ್ಲು ಆ ಕಲ್ಲಿನ ಮುಖದ ಮೇಲಿರೋ ಟೈರ್ ಗುರುತು ಉಜ್ಜಪ್ಪಾ. ನೋಡೋಕಾಗ್ತಿಲ್ಲ."