ಛತ್ರಿ ಹಿಡಿದ ಮೀನು, ಕೋಟು ತೊಟ್ಟ ಹೆಗ್ಗಣ

ಮಕ್ಕಳ ಚಿತ್ರಪುಸ್ತಕ ಕಂಡರೆ ಅನುಮಾನಪಡುವ ದೊಡ್ಡವರು ಎಲ್ಲ ಊರಲ್ಲೂ ಇರುತ್ತಾರೋ ಏನೋ, ನನಗಂತೂ ಹೋದಲ್ಲೆಲ್ಲ ಸಿಗುತ್ತಲೇ ಇದ್ದರು. ಐವತ್ತರ ದಶಕದ ಕೊನೆಯಲ್ಲಿ ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಹತ್ತಿರ, ಗಣಿ ಕೆಲಸಗಾರರ ಮನೆಗಳ ಸಾಲಿನಲ್ಲಿ ಒಂದು ಶಿಶುವಿಹಾರ ನೋಡಿಕೊಳ್ಳುತ್ತಿದ್ದೆ. ನಾನು ಶಾಲೆಗೆ ಹೋದವಳಲ್ಲ. ದಿನಸಿ ಕಟ್ಟಿಕೊಟ್ಟ ಕಾಗದ ಬಿಡಿಸಿ ಓದಿ ಓದಿ ಅಕ್ಷರ ಕಲಿತವಳು. ಅಂಥವಳು “ಪುಸ್ತಕ ನಾನೇ ಆರಿಸುತ್ತೇನೆ” ಎಂದದ್ದು ಶಿಶುವಿಹಾರದ ಸೆಕ್ರೆಟರಿಗೆ ಹಿಡಿಸಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಮಗ್ಗಿ ಪುಸ್ತಕ.

“ಒಂದು ವರ್ಷ ನಿಮ್ಮಿಷ್ಟ. ಆಮೇಲೆ ನಾನೇ ಬಂದು ಮಕ್ಕಳನ್ನ ಪರೀಕ್ಷೆ ಮಾಡ್ತೀನಿ. ತಲೆ ಓಡಿಸೋ ಮಗು ಒಂದೂ ಸಿಗದಿದ್ರೆ, ಪುಸ್ತಕ ಆರಿಸೋ ಕೆಲಸ ನಂದು” ಎಂದರು.

ನಾನೂ ಹಟಗಾತಿ. ಒಪ್ಪಿಕೊಂಡೆ.

ಅಂಗಡಿಯಲ್ಲಿ

ರೈಲು ಹತ್ತಿ ಬಂಗಾರಪೇಟೆಯ ಪುಸ್ತಕದಂಗಡಿಗೆ ಹೋದೆ. ಯಾರೋ ಚೆನ್ನಾಗಿದೆ ಎಂದ ಪುಸ್ತಕವನ್ನು ನಾನು ನಂಬುವುದಿಲ್ಲ. ನಿಂತಲ್ಲೇ ಕೊನೆಯವರೆಗೆ ಓದಿ, ಹಾಳೆ ಎಳೆದು, ಹೊಲಿಗೆ ಗಟ್ಟಿಯಿದೆಯೇ ನೋಡಬೇಕು.

ಅಂಗಡಿಯವರು ನನ್ನನ್ನೇ ದಿಟ್ಟಿಸುತ್ತಿದ್ದರು. “ಏನಮ್ಮ, ಓದೋಕೆ ಬರುತ್ತಾ, ಬರೀ ಚಿತ್ರ ನೋಡ್ತಿದೀರಾ?”

“ನಿಮ್ಮ ಹಿಂದಿರೋ ಬೋರ್ಡು ಓದಲಾ? ‘ಇಲ್ಲಿ ನಿಂತು ಓದಬಾರದು’ ಅಂತಿದೆ” ಎಂದು ಇನ್ನೊಂದು ಪುಸ್ತಕ ಎತ್ತಿಕೊಂಡೆ.

ಛತ್ರಿ ಹಿಡಿದು ಸಂತೆಗೆ ಹೊರಟ ಮೀನಿನ ಪುಸ್ತಕ ಬಹಳ ಇಷ್ಟವಾಯಿತು. ಅದನ್ನು ಮುಂದಿಟ್ಟಾಗ ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು.

“ನೀರಲ್ಲಿರೋ ಮೀನಿಗೆ ಛತ್ರಿ ಯಾಕೆ? ಪ್ರೆಸ್ಸಿನವರು ತಪ್ಪು ಮಾಡಿದಾರೆ. ತಾಳಿ, ಸರಿಯಾದ್ದು ಕೊಡ್ತೀನಿ.”

ಬೇಡವೆಂದರೂ ಕೇಳದೆ ಒಳಗೆ ಹೋಗಿ ಕಟ್ಟು ಬಿಚ್ಚಿ ಹುಡುಕಿದರು. ಬಹಳ ಹೊತ್ತಾದ ಮೇಲೆ ಬೆವರು ಒರೆಸುತ್ತ ಬಂದು, “ಯಾಕೋ ಈ ಸಲ ಬಂದಿರೋ ಮೀನೆಲ್ಲ ಹಿಂಗೇ ಇದಾವಮ್ಮ” ಎಂದರು.

ಎಮ್ಮೆಗೆ ಹಗ್ಗ

ಇನ್ನೊಂದು ಪುಸ್ತಕದಲ್ಲಿ ಎಮ್ಮೆಯೊಂದು ಹಾರುತ್ತದೆ. ಅದನ್ನು ಓದಿ ಹೇಳಿದ ಮಾರನೆಯ ದಿನವೇ, ಬೂದಿಕೋಟೆ ಕಡೆಯಿಂದ ಬಂದು ನೆಲೆಸಿದ್ದ ಒಬ್ಬ ತಾಯಿ ಬಾಗಿಲಲ್ಲಿ ನಿಂತಿದ್ದಳು.

“ಏನಮ್ಮಾ ನೀವು ಓದಿ ಏಳೋದು? ನನ್ನ ಮಗ ಎಮ್ಮೆಗೆ ಇನ್ನೊಂದು ಅಗ್ಗ ಕಟ್ಟವ್ನೆ. ಯಾಕ್ಲಾ ಅಂದ್ರೆ, ಆರ್ಕೊಂಡು ಓಗ್ಬುಡ್ತದೆ ಅಂತಾನೆ!”

“ಕಥೆ ಕಣಮ್ಮ. ಎಮ್ಮೆ ಎಲ್ಲಾದ್ರೂ ಹಾರುತ್ತಾ? ಬಿಚ್ಚಿಬಿಡು ಹಗ್ಗಾನ.”

ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಬಿಚ್ಚೋದೇನು, ನಾನೂ ಒಂದು ಬಿಗಿದೀನಿ. ಯಾವುದಕ್ಕೂ ಇರ್ಲಿ ಬುಡಿ.”

ಪರೀಕ್ಷೆ

ವರ್ಷ ತುಂಬಿದ ದಿನವೇ ಸೆಕ್ರೆಟರಿ ಕೋಟು ತೊಟ್ಟು ಬಂದರು. ಕಪಾಟಿನಿಂದ ಅತಿ ವಿಚಿತ್ರವಾದ ಪುಸ್ತಕವನ್ನೇ ಹುಡುಕಿ ತೆಗೆದರು. ಅದರಲ್ಲಿ ಹೆಗ್ಗಣವೊಂದು ಕೋಟು ತೊಟ್ಟು, ಬಿಲದಿಂದ ಮೇಲೆ ಬಂದು ಮದುವೆಗೆ ಹೊರಟಿತ್ತು.

“ಈ ಚಿತ್ರದಲ್ಲಿ ಏನು ತಪ್ಪಿದೆ? ಹೇಳಿ ನೋಡೋಣ.”

ಹೆಗ್ಗಣ ಕೋಟು ಹಾಕುವುದಿಲ್ಲ ಎಂದು ಒಂದು ಮಗುವಾದರೂ ಹೇಳಲಿ ಎಂದು ನಾನು ಉಸಿರು ಬಿಗಿಹಿಡಿದೆ. ಯಾರೂ ಬಾಯಿ ಬಿಡಲಿಲ್ಲ. ಸೆಕ್ರೆಟರಿ ನನ್ನ ಕಡೆ ನೋಡಿ ನಕ್ಕರು. ಆಗ ನಾಲ್ಕು ವರ್ಷದ ಒಬ್ಬಳು ಮುಂದೆ ಬಂದು, ಚಿತ್ರಕ್ಕೆ ಮೂಗು ತಾಗಿಸಿ ನೋಡಿದಳು.

“ಇವ್ನು ನೆಲದೊಳಗಿಂದ ಬಂದವ್ನೆ. ಕೋಟಿಗೆ ಎಷ್ಟೊಂದು ಜೇಬು! ಯಾರೂ ತಡಕಲಿಲ್ವಾ? ಅಂಗೇ ಮದುವೆಗೆ ಬುಟ್ಬುಟ್ರಾ?”

ಗಣಿಯಿಂದ ಮೇಲೆ ಬಂದವರು ಚಿನ್ನ ಬಚ್ಚಿಟ್ಟುಕೊಂಡಿದ್ದಾರೋ ಎಂದು ಮೈಯೆಲ್ಲ ತಡಕಿಯೇ ಮನೆಗೆ ಬಿಡುತ್ತಿದ್ದ ಕಾಲ ಅದು. ನಮ್ಮ ಮಕ್ಕಳು ಅದನ್ನೇ ಆಟವಾಡಿಕೊಂಡು ಬೆಳೆದವರು.

ಹುಡುಗಿಯ ಕಣ್ಣು ಈಗ ಪುಸ್ತಕ ಬಿಟ್ಟು ಸೆಕ್ರೆಟರಿಯ ಕೋಟಿನ ಮೇಲೆ ನಿಂತಿತು.

“ಕೈ ಎತ್ತಿ.”

ಕಚೇರಿಯ ಕುರ್ಚಿ ಸಿಗುವ ಮೊದಲು ಅವರೂ ವರ್ಷಗಟ್ಟಲೆ ಗಣಿಗಿಳಿದವರೇ. ಯೋಚನೆ ಮಾಡುವಷ್ಟರಲ್ಲಿ ಎರಡೂ ಕೈ ತಾವಾಗಿ ಮೇಲೆ ಹೋಗಿದ್ದವು. ಮಕ್ಕಳೆಲ್ಲ ಮುತ್ತಿಕೊಂಡು ಜೇಬು ತಡಕತೊಡಗಿದರು.

“ಪುಸ್ತಕ ನೀವೇ ಆರಿಸಿಕೊಳ್ಳಿ ಅಮ್ಮ” ಎಂದರು ಸೆಕ್ರೆಟರಿ, ಕೈ ಮೇಲೆತ್ತಿಕೊಂಡೇ. “ತಲೆ ಓಡುತ್ತೆ ಇವಕ್ಕೆ, ಒಪ್ಪಿದೆ. ಇನ್ನು ನಾನು ಹೋಗಬಹುದಾ?”

ನಾನು ಹುಡುಗಿಯ ಕಡೆ ನೋಡಿದೆ.

“ಬೂಟು ಬಿಚ್ಚಿಲ್ಲ” ಎಂದಳು.