ಫುಲ್ ಫ್ರೇಮೂ ಬಂಡೂರಿನ ಅಜ್ಜಿಯ ಕಣ್ಣೂ

ಮದ್ದೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮೊದಲು ಜನ ಬಂದು ಫೋಟೊ ನೋಡುತ್ತಿದ್ದರು, ಈಗ ಕ್ಯಾಮೆರಾ ನೋಡುತ್ತಾರೆ. ಅದರ ಜಾತಕ ಕೇಳದೆ ಯಾರೂ ಮೆಟ್ಟಿಲು ಇಳಿಯುವುದಿಲ್ಲ. ಹೋದ ಸೀಸನ್ನಿನಲ್ಲಂತೂ ಒಂದೇ ಮದುವೆಯ ಆರ್ಡರಿಗೆ ಇಷ್ಟೆಲ್ಲ ನಡೆಯಿತು.

೧. ಬಿಚ್ಚಿ ತೋರ್ಸಣ್ಣ

ಬಂದವನು ಮದುವೆ ಹೆಣ್ಣಿನ ಅಣ್ಣ. ಊರು ಬಂಡೂರು, ಕೆಲಸ ಮಂಡ್ಯದಲ್ಲಿ.

"ಫುಲ್ ಫ್ರೇಮಾ ಅಣ್ಣ?"

"ಅಲ್ಲಪ್ಪ, ಅದಕ್ಕಿಂತ ಚಿಕ್ಕ ಸೆನ್ಸರ್."

"ಎಲ್ಲಿ, ಬಿಚ್ಚಿ ತೋರ್ಸಣ್ಣ."

ಲೆನ್ಸ್ ಬಿಚ್ಚಿದೆ. ಬೆಳಕು ಹಿಡಿಯುವ ಆ ಪುಟ್ಟ ಚೌಕ ಒಳಗೆ ಮಿರಿಮಿರಿ ಮಿಂಚುತ್ತಿತ್ತು. ಅವನು ತನ್ನ ಹೆಬ್ಬೆರಳನ್ನು ಎದುರು ಹಿಡಿದು ಅಳೆದ. "ಎಬ್ಬೆಟ್ಟಷ್ಟೇ ಐತಲ್ಲಣ್ಣ! ಎರಡು ಕಡೆ ನೆಂಟ್ರು ಇದ್ರೊಳಗೆ ಎಂಗೆ ಇಡಿಸ್ತಾರೆ?"

ಭಾನುವಾರ ಅವನು ಸ್ನೇಹಿತನ ಫುಲ್ ಫ್ರೇಮ್ ಕ್ಯಾಮೆರಾ ತರುವುದು, ಎರಡನ್ನೂ ಮನೆಯವರ ಮುಂದೆ ಇಡುವುದು, ನನ್ನದು ಒಪ್ಪಿಗೆಯಾಗದಿದ್ದರೆ ಆರ್ಡರು ಮಂಡ್ಯದ ಸ್ಟುಡಿಯೊಗೆ ಹೋಗುವುದು ಎಂದು ತೀರ್ಮಾನವಾಯಿತು. ನನಗೆ ಆ ವರ್ಷ ಸಿಕ್ಕಿದ್ದ ದೊಡ್ಡ ಆರ್ಡರು ಅದೊಂದೇ. ಫುಲ್ ಫ್ರೇಮನ್ನೇ ಬಾಡಿಗೆಗೆ ತಂದು ಮದುವೆ ತೆಗೆಯಬಹುದಿತ್ತು. ಆದರೆ ನನ್ನ ಕ್ಯಾಮೆರಾ ಕಳಪೆ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತದಲ್ಲ ಎಂದು ಹಠ ಹಿಡಿದೆ.

೨. ವಡೆ ಪರೀಕ್ಷೆ

ಹಠವೇನೋ ಹಿಡಿದೆ, ಒಳಗೊಳಗೇ ಅಳುಕು. ಪರೀಕ್ಷೆಗೆಂದು ಒಂದು ದಿನದ ಮಟ್ಟಿಗೆ ಫುಲ್ ಫ್ರೇಮ್ ತಂದು, ಪಕ್ಕದ ಹೋಟೆಲಿನ ಒಂದೇ ವಡೆಯನ್ನು ಎರಡರಲ್ಲೂ ತೆಗೆದು, ಪ್ರಿಂಟು ಹಾಕಿ ಅಲ್ಲಿ ವಡೆ ಕರಿಯುವ ಭಟ್ಟರ ಮುಂದಿಟ್ಟೆ. ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿದರು.

"ಎರಡ್ರಲ್ಲೂ ಈರುಳ್ಳಿ ಸೀದೋಗದೆ. ಯಾವನ್ಲಾ ಅವತ್ತು ಒಲೆ ಮುಂದೆ ಇದ್ದೋನು?"

ಅವತ್ತು ಒಲೆ ಮುಂದೆ ಇದ್ದವರು ಅವರೇ.

೩. ಬೆನ್ನಿನ ಮೇಲೆ ಕೈ

ಭಾನುವಾರ ಬಂಡೂರಿಗೆ ಹೋದಾಗ ಹೆಣ್ಣಿನ ಅಪ್ಪ ಅಂಗಳದಲ್ಲಿ ಟಗರು ವ್ಯಾಪಾರದಲ್ಲಿದ್ದರು. ಕಣ್ಣು ಮುಚ್ಚಿ ಟಗರಿನ ಬೆನ್ನಿನ ಮೇಲೆ ಅಂಗೈ ಆಡಿಸಿ ತೂಕ ಹೇಳಿದರು. ತಕ್ಕಡಿಗೆ ಹಾಕಿದರೆ ಅಷ್ಟೇ ಬಂತು! ನಾನು ಬಾಯಿಬಿಟ್ಟುಕೊಂಡು ನೋಡಿದೆ. ಅದೇ ಕೈಯನ್ನು ಅವರು ಎರಡೂ ಕ್ಯಾಮೆರಾಗಳ ಮೇಲೆ ಆಡಿಸಿ, "ಎರಡೂ ಚೆಂದಾಗವೆ, ಬುಡು" ಎಂದರು.

"ಅಪ್ಪಾ, ಒಳಗಿನ ಸೆನ್ಸರ್ ನೋಡ್ಬೇಕು" ಎಂದ ಮಗ.

"ಒಳಗಡೆ ನೋಡ್ಬೇಕು ಅಂದ್ರೆ ಕುಯ್ಯಬೇಕು ಕಣ್ಲಾ. ಕುಯ್ದ್ ಮೇಲೆ ತಕ್ಕೊಂಡೋಗಿ ಸಾಕೋಕಾಯ್ತದಾ?"

೪. ಸಣ್ಣ ಚಕ್ರ

ಕೊನೆಗೆ ತೀರ್ಪು ಅಜ್ಜಿಯ ಪಾಲಿಗೆ ಬಂತು. ಅಜ್ಜಿ ಅಂದರೆ ಹೆಣ್ಣಿನ ಅಪ್ಪನ ತಾಯಿ. ಕಣ್ಣು ಮಬ್ಬಾಗಿ ವರ್ಷಗಳಾಗಿದ್ದರೂ ಮೂಗು ನೋಯುತ್ತದೆಂದು ಕನ್ನಡಕ ಒಲ್ಲೆ ಎನ್ನುವವರು. ನಡುಮನೆಯಲ್ಲಿ ಅಷ್ಟು ಬೆಳಕಿರಲಿಲ್ಲ. ಮೊಮ್ಮಗ ತಂದದ್ದು ಒಳಗೆ ಕನ್ನಡಿಯಿರುವ ಬಗೆಯ ಕ್ಯಾಮೆರಾ. ಹೊರಗೆ ಎಷ್ಟು ಬೆಳಕೋ ಕಣ್ಣಿಟ್ಟು ನೋಡುವ ಅದರ ಕಿಂಡಿಯಲ್ಲೂ ಅಷ್ಟೇ.

"ಕತ್ಲು ಕಣ್ಲಾ" ಎಂದು ಅಜ್ಜಿ ಪಕ್ಕಕ್ಕಿಟ್ಟರು.

ನನ್ನದರ ಕಿಂಡಿಯೊಳಗೆ ಪುಟ್ಟ ಪರದೆಯಿದೆ, ಮಬ್ಬುಗತ್ತಲೆಯನ್ನೂ ಬೆಳಗಿ ತೋರಿಸುತ್ತದೆ. "ಬೆಳಕೈತೆ, ಆದ್ರೆ ಮಂಜು" ಎಂದರು. ಕಿಂಡಿಯ ಪಕ್ಕ ಕಣ್ಣಿಗೆ ತಕ್ಕಂತೆ ಹೊಂದಿಸುವ ಸಣ್ಣ ಚಕ್ರವೊಂದಿರುವುದು ಆಗ ನೆನಪಾಯಿತು. ಮೆಲ್ಲಗೆ ತಿರುಗಿಸಿದೆ.

"ತಡೀಲಾ!"

ಎದುರಿಗೆ ಮೊಮ್ಮಗಳು ಕೂತಿದ್ದಳು.

"ಮಗಾ, ನಿನ್ ಗದ್ದದ ಮೇಲೆ ಮಚ್ಚೆ ಐತಾ?"

"ದೊಡ್ಡೋಳಾದ್ ಮೇಲೆ ಬಂತು ಕಣಜ್ಜಿ."

"ನಮ್ಮವ್ವಂಗೂ ಅಲ್ಲೇ ಇತ್ತು."

ಅದೇ ಕಿಂಡಿಯಲ್ಲಿ ಸಾವಿರ ಸಲ ಕಣ್ಣಿಟ್ಟಿದ್ದೇನೆ, ಇಂಥದ್ದು ಒಂದು ದಿನವೂ ಕಂಡಿರಲಿಲ್ಲ. ಮನೆಯವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಜ್ಜಿ ಕ್ಯಾಮೆರಾವನ್ನು ಮಗನ ಕಡೆ ತಿರುಗಿಸಿ ಬೆಚ್ಚಿಬಿದ್ದರು. "ಲೇ, ನೀನ್ಯಾವಾಗ್ಲಾ ಮುದುಕ ಆದೆ?"

ಆರ್ಡರು ನನಗೇ ಸಿಕ್ಕಿತು.

೫. ಧಾರೆ

ಮಳವಳ್ಳಿಯ ಛತ್ರ. ಧಾರೆಗೆ ಇನ್ನೇನು ನೀರು ಬಿಡಬೇಕು, ಮುಂದಿನ ಸಾಲಿನಿಂದ ಅಜ್ಜಿ ಕೈ ಚಾಚಿದರು.

"ಕೊಡ್ಲಾ ಇಲ್ಲಿ. ಮೊಮ್ಮಗಳ ಧಾರೆ ನಾನು ನೋಡ್ಬ್ಯಾಡ್ವಾ?"

ಇಲ್ಲ ಎನ್ನುವ ಧೈರ್ಯ ಇಡೀ ಛತ್ರದಲ್ಲಿ ಯಾರಿಗೂ ಇರಲಿಲ್ಲ. ಕ್ಯಾಮೆರಾ ಅಜ್ಜಿಯ ಕೊರಳಿಗೆ ಹೋಯಿತು, ನಾನು ಬರಿಗೈಯಲ್ಲಿ ನಿಂತೆ. ಅಣ್ಣ ಓಡಿಹೋಗಿ, ಮದುವೆಗೆ ಬಂದಿದ್ದ ಸ್ನೇಹಿತನ ಫುಲ್ ಫ್ರೇಮ್ ತಂದುಕೊಟ್ಟ. ಪೂರ್ತಿ ಧಾರೆ ಅದರಲ್ಲೇ ತೆಗೆದೆ. ಅವನ ಮುಖದಲ್ಲಿ ಗೆದ್ದ ಕಳೆ.

ಅಜ್ಜಿಯ ಬೆರಳು ಫೋಟೊ ತೆಗೆಯುವ ಗುಂಡಿಯ ಮೇಲೇ ಇತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ನನ್ನ ಕ್ಯಾಮೆರಾದಲ್ಲಿ ರಾಶಿ ಫೋಟೊ ಬಿದ್ದಿದ್ದವು: ಫ್ಯಾನು, ಪುರೋಹಿತರ ಮೊಣಕೈ, ಯಾರದೋ ಬೆನ್ನು. ನಡುವೆ ಒಂದೇ ಒಂದು, ಕೊರಳಿಗೆ ತಾಳಿ ಬಿದ್ದ ಗಳಿಗೆಯಲ್ಲಿ ಹುಡುಗಿ ಅಜ್ಜಿಯ ಕಡೆ ತಿರುಗಿ ನಕ್ಕದ್ದು. ನನ್ನ ಜನ್ಮದಲ್ಲಿ ನಾನು ಅಂಥದ್ದೊಂದು ತೆಗೆದಿಲ್ಲ. ಎಲ್ಲದರ ಜೊತೆ ಅದನ್ನೂ ಪ್ರಿಂಟು ಹಾಕಿ ಬಂಡೂರಿಗೆ ಒಯ್ದೆ.

ಆಲ್ಬಮ್ಮಿನ ಮೊದಲ ಪುಟಕ್ಕೆ ಅಣ್ಣ ಆರಿಸಿದ್ದು ಅದನ್ನೇ.

"ನೋಡಣ್ಣ, ಮಚ್ಚೆ ಸಮೇತ ಬಂದದೆ! ಇದ್ಕೇ ಕಣಣ್ಣ ನಾನು ಫುಲ್ ಫ್ರೇಮು, ಫುಲ್ ಫ್ರೇಮು ಅಂತ ಬಡ್ಕೊಂಡಿದ್ದು!"

ನಾನು ಅದರ ಹಿಂದೆ ಒಂದನೇ ಪುಟ ಎಂದು ಗುರುತು ಹಾಕಿಕೊಂಡೆ. ಅಜ್ಜಿ ಮಾತ್ರ ಆ ಫೋಟೊವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿ, ಮೊಮ್ಮಗನನ್ನು ಗದರಿದರು.

"ಲೇ, ಇದು ನಾನ್ ನೋಡಿದ್ದು ಕಣ್ಲಾ! ನಿಂಗೆ ಎಂಗ್ ಸಿಕ್ತು?"